ವಿಶ್ವಕೋಶದ ಹೊಸ್ತಿಲಲ್ಲಿ ಒಂದು ಕೆರೆ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಗ್ರಾಮದಲ್ಲಿ ಒಂದು ಕೆರೆಯಿದೆ. ಹಿಂದೆ ಪುಲಿಗೆರೆಯೆಂದು ಹೆಸರಾಗಿದ್ದ, ಶಂಖಬಸದಿಯ ದರ್ಶನಕ್ಕೆ ಹೋಗಿಬಂದವರಿಗೆಲ್ಲ ಪರಿಚಿತವಾದ ಲಕ್ಷ್ಮೇಶ್ವರದಿಂದ ಅಲ್ಲಿಗೆ ಸುಮಾರು 11 ಕಿಲೋಮೀಟರು. ಮಳೆಯ ನೀರನ್ನು ತಡೆದು ಹೊಲಗಳಿಗೆ ಹಾಯಿಸುವ ಸಲುವಾಗಿ ಕಟ್ಟಿದ ಕೆರೆಯಿದು; ವಿಸ್ತಾರ ಸುಮಾರು 134 ಎಕರೆ. ಬಯಲುಸೀಮೆಯಲ್ಲಿ ಇಂಥ ಕೆರೆ ಅಪರೂಪವೇನೂ ಅಲ್ಲ. ಆದರೆ ಚಳಿಗಾಲ ಮೊದಲಾಗುತ್ತಲೇ ಮಂಗೋಲಿಯ, ಟಿಬೆಟ್ ಮೊದಲಾದ ಶೀತಪ್ರದೇಶಗಳಿಂದ ಹಿಮಾಲಯವನ್ನು ದಾಟಿಬರುವ ಪಟ್ಟೆತಲೆ ಹೆಬ್ಬಾತುಗಳು ಸಹಸ್ರ ಸಂಖ್ಯೆಯಲ್ಲಿ ಇಲ್ಲಿ ಇಳಿಯುತ್ತವೆ. ಹಗಲು ನೀರಿನ ಮೇಲೆ ವಿಶ್ರಮಿಸುತ್ತವೆ. ಸಂಜೆಯಾದೊಡನೆ ಸುತ್ತಲಿನ ಹೊಲಗಳಿಗೆ ಮೇವಿಗಾಗಿ ಹಾರುತ್ತವೆ. ಬೇಸಗೆ ಬಲಿಯುವ ಮುನ್ನ ಬಂದ ದಾರಿಯಲ್ಲಿ ಮರಳುತ್ತವೆ. 2024ರ ಆರಂಭದಲ್ಲಿ ಈ ಕೆರೆ ‘ಮಾಗಡಿ ಕೆರೆ ಸಂರಕ್ಷಣಾ ಮೀಸಲು’ ಎಂಬ ಹೆಸರಿನಿಂದ ರಾಮ್ಸರ್ ಪಟ್ಟಿಗೆ, ಎಂದರೆ 1971ರ ಅಂತಾರಾಷ್ಟ್ರೀಯ ಒಪ್ಪಂದದನ್ವಯ ಮಾನ್ಯತೆ ಪಡೆದ ಜೌಗುಭೂಮಿಗಳ ಪಟ್ಟಿಗೆ ಸೇರಿತು.

ಇಂಥ ಒಂದು ಸ್ಥಳಕ್ಕೆ ವಿಶ್ವಕೋಶದಲ್ಲಿ ಪ್ರತ್ಯೇಕ ನಮೂದು ಸಲ್ಲುತ್ತದೆಯೆ? ಇಂದು ಈ ಪ್ರಶ್ನೆಗೆ ಉತ್ತರ ಸುಲಭವೆಂದು ತೋರಬಹುದು. ಕಠಿಣವಾದ ಪ್ರಶ್ನೆ ಇದರ ಹಿಂದಿದೆ. 2024ಕ್ಕಿಂತ ಹಿಂದೆಯೂ ಸಲ್ಲುತ್ತಿತ್ತೆ? ಕೆರೆ ಅದೇ, ನೀರು ಅದೇ, ಹೆಬ್ಬಾತುಗಳೂ ಅವೇ. ಸೇರಿದ್ದು ಒಂದು ಘೋಷಣೆ ಮಾತ್ರ. ಘೋಷಣೆಯೊಂದರಿಂದ ವಸ್ತುವಿನ ಯೋಗ್ಯತೆ ಹುಟ್ಟುವುದಾದರೆ ವಿಶ್ವಕೋಶವು ಸರ್ಕಾರಿ ಗೆಜೆಟ್ಟಿನ ನೆರಳಾಗಿ ಉಳಿಯುತ್ತದೆ. ಘೋಷಣೆ ಏನೂ ಅಲ್ಲವೆನ್ನುವುದಾದರೆ ತನ್ನೂರಿನ ಕೆರೆಯೇ ದೊಡ್ಡದೆಂದು ಸಾಧಿಸುವ ಪ್ರತಿಯೊಬ್ಬನಿಗೂ ವಿಶ್ವಕೋಶದ ಪುಟ ತೆರೆದುಕೊಳ್ಳಬೇಕಾಗುತ್ತದೆ. ಈ ಎರಡರ ನಡುವೆ ವಿವೇಚನೆಯ ದಾರಿ ಯಾವುದೆಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಕನ್ನಡದಲ್ಲಿ ಸರ್ವವಿಷಯಸಂಗ್ರಹದ ಪರಂಪರೆ ಹಳೆಯದು. ಚಾವುಂಡರಾಯನ ‘ಲೋಕೋಪಕಾರ’ ಹನ್ನೊಂದನೆಯ ಶತಮಾನದ್ದು. ನೆಲದೊಳಗಿನ ಜಲವನ್ನು ಪತ್ತೆಹಚ್ಚುವ ಕ್ರಮವನ್ನು ಗೃಹಸ್ಥನಿಗೆ ತಿಳಿಸುವುದು ಅದರ ಉದ್ದೇಶಗಳಲ್ಲೊಂದು. ಊರೂರಿನ ಕೆರೆಗಳನ್ನು ಹೆಸರಿಸಿ ವರ್ಣಿಸುವುದು ಅದರ ಕೆಲಸವಾಗಿರಲಿಲ್ಲ. ಸ್ಥಳವನ್ನು ಅಕಾರಾದಿಯಾಗಿ ಜೋಡಿಸಿ ಒಂದೊಂದಕ್ಕೂ ಟಿಪ್ಪಣಿ ಬರೆಯುವ ಪದ್ಧತಿ ನಮ್ಮಲ್ಲಿ ನೆಲೆಗೊಂಡದ್ದು ಗೆಜೆಟಿಯರುಗಳಿಂದ. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರು, ಅದನ್ನು ಹಿಗ್ಗಿಸಿ ಹಯವದನರಾಯರು ಹೊರತಂದ ಸಂಪುಟಗಳು ಈ ಬಗೆಯ ಕೃತಿಗಳು. ಸ್ವತಂತ್ರ ಭಾರತದಲ್ಲಿ ಜಿಲ್ಲಾ ಗೆಜೆಟಿಯರುಗಳು ಇದೇ ಕ್ರಮವನ್ನು ಮುಂದುವರಿಸಿದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. ಮೂರೂವರೆ ದಶಕಗಳ ಈ ಮಹತ್ಕಾರ್ಯದ ಬಗ್ಗೆ ಕನ್ನಡಿಗರಿಗೆ ಇರುವ ಗೌರವ ಇನ್ನೂ ಹೆಚ್ಚಬೇಕು.

ಅಚ್ಚಿನ ವಿಶ್ವಕೋಶಕ್ಕೆ ತನ್ನದೇ ಆದ ಒಂದು ತೊಡಕುಂಟು. ಅಕ್ಷರ ಮುಗಿದರೆ ಬಾಗಿಲು ಮುಚ್ಚಿತು. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಈಗ ವಿಜಯನಗರ ಜಿಲ್ಲೆಯಲ್ಲಿರುವ ಅಂಕಸಮುದ್ರದ ಕೆರೆಯನ್ನೇ ನೋಡಬಹುದು. ಅದು ಪಕ್ಷಿ ಸಂರಕ್ಷಣಾ ಮೀಸಲಾದದ್ದು 2017ರಲ್ಲಿ. ರಾಮ್ಸರ್ ಪಟ್ಟಿಗೆ ಸೇರಿದ್ದು ಮಾಗಡಿಯೊಡನೆಯೇ. ಅದರ ಹೆಸರು ಅಕಾರದಿಂದ ಆರಂಭವಾಗುವುದರಿಂದ ಅದು ಬರಬೇಕಾಗಿದ್ದುದು 1969ರ ಸಂಪುಟದಲ್ಲಿ! ಅಲ್ಲಿ ಅದು ಕಾಣದಿದ್ದರೆ ಸಂಪಾದಕರನ್ನು ದೂರುವುದು ನ್ಯಾಯವಲ್ಲ. ಮುದ್ರಿತ ಸಂಪುಟದಲ್ಲಿ ಒಂದು ಕೆರೆಗೆ ಅರ್ಧ ಪುಟ ಕೊಟ್ಟರೆ ಇನ್ನೊಂದು ವಿಷಯದಿಂದ ಅರ್ಧ ಪುಟವನ್ನು ಕಸಿಯಬೇಕು. ಆದುದರಿಂದ ಅಲ್ಲಿನ ಆಯ್ಕೆಯು ಹೋಲಿಕೆಯ ಆಯ್ಕೆ. ಇದಕ್ಕಿಂತ ಅದು ಮುಖ್ಯವೆ ಎಂಬ ಪ್ರಶ್ನೆಗೆ ಸಂಪಾದಕರು ಉತ್ತರಿಸಲೇಬೇಕಾಗುತ್ತದೆ.

2001ರಲ್ಲಿ ಆರಂಭವಾದ ವಿಕಿಪೀಡಿಯದಲ್ಲಿ, 2003ರಿಂದ ಬೆಳೆಯುತ್ತಿರುವ ಅದರ ಕನ್ನಡ ಆವೃತ್ತಿಯಲ್ಲಿ, ಪುಟಗಳ ಅಭಾವವಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಬಳಕೆಗೆ ಒಪ್ಪಿಸಿದ್ದರಿಂದ ಹಳೆಯ ಶ್ರಮದ ಫಲವೂ ಅದಕ್ಕೆ ದೊರೆಯಿತು. ಸ್ಥಳದ ಕೊರತೆಯೇ ಇಲ್ಲದ ಮೇಲೆ ಆಯ್ಕೆ ಏತಕ್ಕೆ ಎಂದು ಕೇಳುವವರಿದ್ದಾರೆ. ಅಲ್ಲಿಯೂ ಆಯ್ಕೆಯುಂಟು, ಆದರೆ ಅದರ ಕಾರಣ ಬೇರೆ. ಆ ವಿಶ್ವಕೋಶಕ್ಕೆ ಯಾರು ಬೇಕಾದರೂ ಬರೆಯಬಹುದು. ಬರೆದವನು ವಿದ್ವಾಂಸನೆಂಬ ಭರವಸೆಯಿಲ್ಲ. ಹೀಗಾಗಿ ಬರೆದವನನ್ನು ನಂಬುವ ಬದಲು ಅವನು ತೋರಿಸುವ ಆಧಾರವನ್ನು ನಂಬುವ ನಿಯಮವನ್ನು ಅದು ಮಾಡಿಕೊಂಡಿದೆ. ವಸ್ತುವಿಗೆ ಸಂಬಂಧಿಸದ ಸ್ವತಂತ್ರ ವ್ಯಕ್ತಿಗಳು ವಿಶ್ವಾಸಾರ್ಹವಾದ ಪ್ರಕಟಣೆಯಲ್ಲಿ ಆ ವಸ್ತುವನ್ನು ಕುರಿತು ಸಾಕಷ್ಟು ವಿವರವಾಗಿ ಬರೆದಿರಬೇಕು. ಹೆಸರನ್ನು ದಾರಿಯಲ್ಲಿ ಹೋಗುತ್ತ ಪ್ರಸ್ತಾಪಿಸಿದ್ದರೆ ಸಾಲದು. ಮನುಷ್ಯನಿರ್ಮಿತವಾದ ಸ್ಥಳಕ್ಕೆ ರಾಷ್ಟ್ರಮಟ್ಟದ ಸಂರಕ್ಷಿತ ಸ್ಥಾನವಿದ್ದು, ಅಂಕಿಸಂಖ್ಯೆಯನ್ನು ಮೀರಿದ ಮಾಹಿತಿಯೂ ದೊರೆಯುವಂತಿದ್ದರೆ ಅದನ್ನು ಉಲ್ಲೇಖಾರ್ಹವೆಂದು ಭಾವಿಸಬಹುದೆಂದು ಅದರ ಇನ್ನೊಂದು ಸೂತ್ರ ಹೇಳುತ್ತದೆ.

ಈ ಸೂತ್ರದಲ್ಲಿ ‘ಅಂಕಿಸಂಖ್ಯೆಯನ್ನು ಮೀರಿದ’ ಎಂಬ ಅಂಶವನ್ನು ಓದದೆ ಬಿಡುವವರೇ ಹೆಚ್ಚು. ಘೋಷಣೆಯ ದಿನಾಂಕ, ವಿಸ್ತಾರ, ಅಕ್ಷಾಂಶ, ರೇಖಾಂಶ ಇವಿಷ್ಟರಿಂದ ನಮೂದು ಆಗುವುದಿಲ್ಲ, ಕೋಷ್ಟಕದ ಒಂದು ಸಾಲು ಆಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಎರಡು ಹೊಸ ವರ್ಗಗಳು ಹುಟ್ಟಿದವು. ಸರ್ಕಾರಕ್ಕೆ ಸೇರಿದ ನೆಲದಲ್ಲಿ ಸಂರಕ್ಷಣಾ ಮೀಸಲು. ಖಾಸಗಿ ಅಥವಾ ಸಮುದಾಯದ ನೆಲದಲ್ಲಿ ಸಮುದಾಯ ಮೀಸಲು. ಅಭಯಾರಣ್ಯವಾಗುವಷ್ಟು ದೊಡ್ಡದಲ್ಲದ ಸ್ಥಳಗಳಿಗೂ ಇದರಿಂದ ಕಾನೂನಿನ ಆಸರೆ ದೊರೆಯಿತು. ಕಾನೂನು ಸ್ಥಳವನ್ನು ಕಾಯುವುದಕ್ಕಾಗಿ ಮಾಡಿದ್ದು. ಆ ಸ್ಥಳದ ವಿಷಯದಲ್ಲಿ ಎಷ್ಟು ಸತ್ಯಸಂಗತಿ ತಿಳಿದಿದೆಯೆಂದು ಅದು ಹೇಳುವುದಿಲ್ಲ. ವಿಶ್ವಕೋಶಕ್ಕೆ ಬೇಕಾದದ್ದು ಎರಡನೆಯದು.

ಇನ್ನು ಮಾಗಡಿಯ ಆಧಾರಗಳನ್ನೇ ಪರೀಕ್ಷಿಸಬಹುದು. ಮೊದಲನೆಯದಾಗಿ, ಹುಡುಕುವವನು ಎಲ್ಲಿ ಹುಡುಕುತ್ತಾನೆಂಬುದು ಮುಖ್ಯ. ಶಿರಹಟ್ಟಿಯು ಹಿಂದೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಮೈಸೂರು ಗೆಜೆಟಿಯರುಗಳಲ್ಲಿ ಆ ಸೀಮೆಯನ್ನು ಅರಸುವುದು ವ್ಯರ್ಥ. ಮುಂದೆ ಅದು ಧಾರವಾಡ ಜಿಲ್ಲೆಯ ಭಾಗವಾಯಿತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದುದರಿಂದ ಅದಕ್ಕೆ ಮುಂಚಿನ ಪುಸ್ತಕಗಳಲ್ಲಿ ‘ಗದಗ ಜಿಲ್ಲೆ’ ಎಂದು ಹುಡುಕಿ, ಸಿಗಲಿಲ್ಲವೆಂದು ಕೈತೊಳೆದುಕೊಳ್ಳುವವನ ತೀರ್ಪಿಗೆ ಬೆಲೆಯಿಲ್ಲ. ಮರಾಠಿ, ಇಂಗ್ಲಿಷ್, ಕನ್ನಡ ಮೂರು ಭಾಷೆಯ ದಾಖಲೆಗಳಲ್ಲಿ ಹಂಚಿಹೋಗಿರುವ ಸೀಮೆಯ ಚರಿತ್ರೆಯನ್ನು ಒಂದೇ ಭಾಷೆಯ ಒಂದೇ ಕಪಾಟಿನಲ್ಲಿ ನೋಡಿ ಮುಗಿಸಲಾಗದು. ಆಧಾರಗಳು ಇಂಗ್ಲಿಷಿನಲ್ಲಿಯೇ ಇರಬೇಕೆಂದು ಯಾವ ಒಳ್ಳೆಯ ವಿಶ್ವಕೋಶವೂ ವಿಧಿಸಿಲ್ಲ; ಅವು ಗಣಕಯಂತ್ರದಲ್ಲಿಯೇ ಸಿಗಬೇಕೆಂಬ ವಿಧಿಯೂ ಇಲ್ಲ. ಆದರೂ ರೂಢಿಯಲ್ಲಿ ನಡೆಯುವುದು ಬೇರೆ. ಕನ್ನಡ ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ದಶಕಗಳ ಕಾಲ ಪ್ರತಿ ಚಳಿಗಾಲವೂ ಬಂದ ಸುದ್ದಿಗಿಂತ ಇಂಗ್ಲಿಷ್ ಪತ್ರಿಕೆಯ ಒಂದೇ ಒಂದು ಪ್ರವಾಸ ಲೇಖನಕ್ಕೆ ಹೆಚ್ಚು ಮಾನ್ಯತೆ ಸಿಗುತ್ತದೆ. ತಪ್ಪು ನಿಯಮದ್ದಲ್ಲ, ಅದನ್ನು ಹಿಡಿದು ಅಳೆಯುವವರದು.

ಎರಡನೆಯದು ಹೆಸರಿನ ಗೊಂದಲ. ಕೆಂಪೇಗೌಡರ ಚರಿತ್ರೆಯೊಡನೆ ಬೆಸೆದುಕೊಂಡಿರುವ ಮಾಗಡಿ ಪಟ್ಟಣ ಬೆಂಗಳೂರಿನ ಪಶ್ಚಿಮಕ್ಕಿದೆ. ಆಫ್ರಿಕದ ಕೆನ್ಯಾ ದೇಶದಲ್ಲಿಯೂ ಒಂದು ಮಾಗಡಿ ಸರೋವರವುಂಟು. ಅದು ಸೋಡಾಕ್ಷಾರ ತೆಗೆಯುವ ಉಪ್ಪುನೀರಿನ ಸರೋವರ, ಅಲ್ಲಿಯ ರಾಜಹಂಸಗಳು ಪ್ರಸಿದ್ಧವಾದವು. ಗದಗಿನ ಕೆರೆಗೆ ನಮೂದು ಇಲ್ಲದಿದ್ದಾಗ ‘ಮಾಗಡಿ’ ಎಂದು ಕೇಳಿದ ವಿದ್ಯಾರ್ಥಿಗೆ ದೊರೆಯುವುದು ಕೋಟೆ ಇಲ್ಲವೆ ಸೋಡಾ. ಉಲ್ಲೇಖಾರ್ಹತೆಯ ಚರ್ಚೆಯಲ್ಲಿ ಯಾರೂ ಗಣಿಸದ ಈ ಉಪಯೋಗವು ಸಣ್ಣದಲ್ಲ. ಒಂದು ಹೆಸರಿನ ಹಲವು ವಸ್ತುಗಳನ್ನು ಬೇರ್ಪಡಿಸಿ ತೋರಿಸುವುದು ಕೋಶರಚನೆಯ ಅತ್ಯಂತ ಹಳೆಯ ಕರ್ತವ್ಯ.

ಮೂರನೆಯದು ಸಂಖ್ಯೆಗಳು. 2024ರಲ್ಲಿ ಅಧಿಕೃತವಾಗಿ ಪ್ರಕಟವಾದ ಪರಿಚಯದ ಪ್ರಕಾರ ಮಾಗಡಿ ಕೆರೆಯಲ್ಲಿ 166ಕ್ಕೂ ಹೆಚ್ಚು ಜಾತಿಯ ಪಕ್ಷಿಗಳಿವೆ, ಅವುಗಳಲ್ಲಿ 130 ವಲಸೆಯವು. ಚಳಿಗಾಲದಲ್ಲಿ ಬರುವ ಹೆಬ್ಬಾತುಗಳು ಸುಮಾರು 8,000. ಹೆಬ್ಬಾತುಗಳ ಅಂಕಿಯನ್ನು ಅವುಗಳ ಬೃಹತ್ ಸಂದಣಿಯನ್ನು ಕಂಡವರು ಒಪ್ಪಿಯಾರು. ಆದರೆ ಮೊದಲಿನ ಎರಡು ಸಂಖ್ಯೆಗಳ ಅನುಪಾತ ವಿಚಾರಶೀಲನನ್ನು ತಡೆದು ನಿಲ್ಲಿಸಬೇಕು. ದಕ್ಷಿಣ ಭಾರತದ ಒಳನಾಡಿನ ಕೆರೆಯೊಂದರಲ್ಲಿ ಕಾಣುವ ಪಕ್ಷಿಜಾತಿಗಳಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ವಲಸೆ ಬಂದವೆಂದರೆ ವಿಚಿತ್ರವೇ ಸರಿ. ಬೆಳ್ಳಕ್ಕಿ, ಹಾವಕ್ಕಿ, ನೀರುಕಾಗೆ, ಮಿಂಚುಳ್ಳಿ, ಜೊತೆಗೆ ಹೊಲ ಮತ್ತು ಕುರುಚಲು ಗಿಡಗಳಲ್ಲಿ ವರ್ಷವಿಡೀ ಇರುವ ಹಕ್ಕಿಗಳೇ ಇಂಥ ಪಟ್ಟಿಗಳಲ್ಲಿ ದೊಡ್ಡ ಭಾಗವಾಗುವುದು ವಾಡಿಕೆ. ಎಲ್ಲಿಯೋ ಎರಡು ಬೇರೆ ಬೇರೆ ಗಣನೆಗಳು ಒಂದೇ ವಾಕ್ಯದಲ್ಲಿ ಕೂಡಿಕೊಂಡಿರಬಹುದು. ಘೋಷಣೆಯಾದ ಮೇಲೆ ಈ ವಾಕ್ಯವೇ ಪತ್ರಿಕೆಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ಪುನರಾವರ್ತನೆಗೊಂಡಿತು. ಹತ್ತು ಕಡೆ ಬಂದಿದೆಯೆಂಬ ಕಾರಣದಿಂದ ಅದು ಹತ್ತು ಸಾಕ್ಷಿಗಳಾಗುವುದಿಲ್ಲ. ಒಂದೇ ಸಾಕ್ಷಿಯ ಹತ್ತು ಪ್ರತಿಧ್ವನಿಗಳು, ಅಷ್ಟೆ. ಉಲ್ಲೇಖಾರ್ಹತೆಗೆ ‘ಅನೇಕ ಮೂಲಗಳು’ ಬೇಕೆಂದು ಎಣಿಸುವವರು ಈ ಭೇದವನ್ನು ಗಮನಿಸದಿರುವುದು ಇಂದಿನ ಕೋಶಕಾರ್ಯದ ದೊಡ್ಡ ದೌರ್ಬಲ್ಯ.

ಇಷ್ಟಾದರೂ ಮಾಗಡಿಗೆ ನಮೂದು ಸಲ್ಲುತ್ತದೆ, ಮತ್ತು 2024ಕ್ಕೆ ಮುಂಚೆಯೂ ಸಲ್ಲುತ್ತಿತ್ತು ಎಂಬುದೇ ಸರಿಯಾದ ನಿರ್ಣಯ. ದೇಶದ ಮಹತ್ವದ ಪಕ್ಷಿತಾಣಗಳ ಪಟ್ಟಿಯಲ್ಲಿ ಅದು ರಾಮ್ಸರ್ ಘೋಷಣೆಗೆ ಮೊದಲೇ ಸೇರಿತ್ತು. ಆ ಪಟ್ಟಿಯನ್ನು ಮಾಡಿದವರು ಕೆರೆಯ ಒಡೆತನವಾಗಲಿ ಪ್ರವಾಸದ ಲಾಭವಾಗಲಿ ಇಲ್ಲದ ಪಕ್ಷಿತಜ್ಞರು. ಸ್ವತಂತ್ರ ಸಾಕ್ಷ್ಯವೆಂಬ ಮಾತಿಗೆ ಅರ್ಥವಿರುವುದು ಇಂಥಲ್ಲಿ.

ಆ ಪಟ್ಟಿಯಲ್ಲಿ ಮಾಗಡಿಯ ಹೆಸರು ಒಂಟಿಯಾಗಿ ಬಂದಿಲ್ಲ. ‘ಮಾಗಡಿ ಮತ್ತು ಶೆಟ್ಟಿಕೇರಿ’ ಎಂದು ಎರಡು ಕೆರೆಗಳು ಜೊತೆಯಾಗಿ ಬಂದಿವೆ. ಶೆಟ್ಟಿಕೇರಿಯ ಕೆರೆಯಲ್ಲಿಯೂ ಹೆಬ್ಬಾತುಗಳು ಇಳಿಯುತ್ತವೆ. 2024ರ ಘೋಷಣೆಯ ಹೆಸರಿನಲ್ಲಿ ಮಾತ್ರ ಮಾಗಡಿಯೊಂದೇ ಉಳಿಯಿತು. ಸ್ಥಳೀಯ ಸ್ಥಳವೊಂದರ ಅರ್ಹತೆಯ ನಿಜವಾದ ಪರೀಕ್ಷೆ ಇದು. ಪಕ್ಷಿಗಳು ಎರಡನ್ನೂ ಬಳಸುತ್ತವೆ, ತಜ್ಞರು ಎರಡನ್ನೂ ಕೂಡಿಸಿ ನೋಡಿದರು, ಅಂತಾರಾಷ್ಟ್ರೀಯ ಪಟ್ಟಿ ಒಂದನ್ನು ಕರೆಯಿತು. ಶೆಟ್ಟಿಕೇರಿಗೆ ಪ್ರತ್ಯೇಕ ನಮೂದು ಬೇಕೆಂದು ಊರಿನ ಅಭಿಮಾನಿಯೊಬ್ಬ ವಾದಿಸಿದರೆ ಏನು ಹೇಳಬೇಕು? ‘ಮಾಗಡಿಗೆ ಇದೆಯಲ್ಲ, ಇದಕ್ಕೇಕೆ ಇಲ್ಲ’ ಎಂಬುದು ವಾದವಲ್ಲ. ನೆರೆಯ ಕೆರೆಯ ಕೀರ್ತಿ ತೂಬಿನ ಮೂಲಕ ಹರಿದುಬರುವುದಿಲ್ಲ. ಶೆಟ್ಟಿಕೇರಿಯನ್ನೇ ಕುರಿತು ಯಾರಾದರೂ ಕೂತು ಬರೆದದ್ದೆಷ್ಟು, ಅದರ ನೀರಿನ ಮೂಲ, ಕಟ್ಟೆಯ ಚರಿತ್ರೆ, ಪಕ್ಷಿಗಳ ಗಣತಿ ಎಲ್ಲಿ ಅಚ್ಚಾಗಿವೆ ಎಂದು ಕೇಳಬೇಕು. ಅಷ್ಟು ದೊರೆಯುವ ತನಕ ಅದು ಮಾಗಡಿಯ ನಮೂದಿನೊಳಗೆ, ತನ್ನ ಹೆಸರಿನಿಂದಲೇ, ಇರುವುದು ಯುಕ್ತ. ಇದು ಅವಮಾನವಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕಿ ದೇವರಕಾಡುಗಳಿವೆ. ಒಂದೊಂದೂ ತನ್ನ ಊರಿಗೆ ಪೂಜ್ಯವಾದುದೇ. ಆದರೂ ‘ದೇವರಕಾಡು’ ಎಂಬ ಒಂದು ಸಮರ್ಥ ಲೇಖನ, ಅದರೊಡನೆ ಗ್ರಾಮವಾರು ಪಟ್ಟಿ, ಇವುಗಳಿಂದ ಓದುಗನಿಗೆ ಆಗುವ ಲಾಭ ಎರಡೆರಡು ಸಾಲಿನ ಸಾವಿರ ನಮೂದುಗಳಿಂದ ಆಗದು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೆ ಎದುರಾದ ಉದಾಹರಣೆ. ಅಲ್ಲಿ ಕಾಡಿಲ್ಲ, ಬೇಲಿಯಿಲ್ಲ. ಊರಿನ ಹುಣಸೆ, ಅರಳಿ, ಆಲದ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯ ಮಾಡಿಗೆ ತಾಗುವಷ್ಟು ಹತ್ತಿರದಲ್ಲಿ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಭಾವಿಸುತ್ತಾರೆ. ಹಿಕ್ಕೆ ಗೊಬ್ಬರವಾಗುತ್ತದೆ, ಗೂಡುಗಳಿರುವ ಹುಣಸೆಮರದ ಫಲವನ್ನು ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ ಬಂತು. 2007ರಲ್ಲಿ ಅದು ಸಮುದಾಯ ಮೀಸಲಾಯಿತು. ಇಲ್ಲಿ ಘೋಷಣೆ ಬಂದದ್ದು ಕೊನೆಗೆ. ಅಷ್ಟರಲ್ಲಿ ಪಕ್ಷಿತಜ್ಞರು, ಅರಣ್ಯಾಧಿಕಾರಿಗಳು, ಪತ್ರಿಕಾಲೇಖಕರು ದಶಕಗಳ ಕಾಲ ಬರೆದ ಸಾಮಗ್ರಿ ಸಿದ್ಧವಾಗಿತ್ತು. ವಿಸ್ತಾರದಲ್ಲಿ ಅತಿ ಚಿಕ್ಕದಾದ ಈ ಊರಿನ ನಮೂದು ಎಷ್ಟೋ ದೊಡ್ಡ ಅಭಯಾರಣ್ಯಗಳ ನಮೂದಿಗಿಂತ ತುಂಬಿಕೊಂಡಿರಬಲ್ಲದು. ಎಕರೆಗಳನ್ನು ಎಣಿಸಿ ಅರ್ಹತೆಯನ್ನು ನಿರ್ಣಯಿಸುವವರು ಈ ಊರನ್ನು ಒಮ್ಮೆ ನೆನೆಯಬೇಕು.

ಬಸದಿಗಳ ಟ್ರಸ್ಟುಗಳಿಗೂ ಈ ವಿಚಾರದಲ್ಲಿ ಪಾಲಿದೆ. ಅನೇಕ ಬಸದಿಗಳ ಅಧೀನದಲ್ಲಿ ಕಲ್ಯಾಣಿ, ಕೆರೆ, ತೋಪುಗಳಿವೆ; ಅಲ್ಲಿ ಬೇಟೆಯಾಗಲಿ ಮೀನು ಹಿಡಿಯುವುದಾಗಲಿ ತಲೆತಲಾಂತರದಿಂದ ನಡೆದಿಲ್ಲ. ಅವುಗಳಿಗೂ ವಿಶ್ವಕೋಶದಲ್ಲಿ ಸ್ಥಾನ ದೊರೆಯಬೇಕೆಂಬ ಅಪೇಕ್ಷೆ ಸಹಜ. ಆದರೆ ಆ ಅಪೇಕ್ಷೆಯನ್ನು ಈಡೇರಿಸುವ ದಾರಿಯಲ್ಲಿ ತಪ್ಪು ಹೆಜ್ಜೆಗಳಿಗೆ ಬಹಳ ಅವಕಾಶವಿದೆ. ಟ್ರಸ್ಟು ತಾನೇ ಅಚ್ಚುಹಾಕಿಸಿದ ಕಿರುಹೊತ್ತಗೆ ಸ್ವತಂತ್ರ ಸಾಕ್ಷ್ಯವಾಗದು. ಜೀರ್ಣೋದ್ಧಾರದ ಸ್ಮರಣಸಂಚಿಕೆಗೆ ಬರೆದುಕೊಟ್ಟ ಪ್ರಶಂಸೆಯೂ ಆಗದು. ಅಂಗಳದಲ್ಲಿರುವ ಶಿಲಾಶಾಸನ ಅಮೂಲ್ಯವಾದುದು, ಆದರೆ ಅದು ಮೂಲಸಾಮಗ್ರಿ. ಅದನ್ನು ಓದಿ, ಪಾಠವನ್ನು ಪ್ರಕಟಿಸಿ, ಕೆರೆಗೆ ಬಿಟ್ಟ ದತ್ತಿಯ ಅರ್ಥವನ್ನು ವಿವರಿಸಿದ ಶಾಸನತಜ್ಞನ ಲೇಖನವೇ ಕೋಶಕ್ಕೆ ಆಧಾರವಾಗತಕ್ಕದ್ದು. ಹಕ್ಕಿಗಳ ವಿಷಯದಲ್ಲಿಯೂ ಹಾಗೆಯೇ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದವರನ್ನು ಕರೆಸಿ, ಎರಡು ಮೂರು ವರ್ಷ ಕ್ರಮವಾಗಿ ಗಣತಿ ಮಾಡಿಸಿ, ಫಲಿತಾಂಶ ಟ್ರಸ್ಟಿಗೆ ಹಿತವಾಗಲಿ ಆಗದಿರಲಿ ಅವರೇ ಪ್ರಕಟಿಸುವಂತೆ ಬಿಡಬೇಕು. ಸಂಖ್ಯೆಯನ್ನು ಹಿಗ್ಗಿಸಿ ಬರೆಯುವ ಚಪಲವನ್ನು ಸಣ್ಣ ದೋಷವೆಂದು ನೋಡುವವರುಂಟು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳನ್ನು ಹೆಸರಿಸುವಾಗ ಕೂಟಲೇಖಕ್ರಿಯೆಯನ್ನೂ ಸೇರಿಸಿರುವುದು ಅವರ ಗಮನದಲ್ಲಿರಬೇಕಾದ ಸಂಗತಿ.

ನಮೂದು ಸಿಗದಿದ್ದರೆ ಸ್ಥಳಕ್ಕೆ ಹಾನಿಯಾಗುತ್ತದೆಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಕೆರೆಯ ಅಂಗಳವನ್ನು ನಿವೇಶನ ಮಾಡಬೇಕೆಂಬ ಪ್ರಸ್ತಾಪ ಬಂದಾಗ, ಕಚೇರಿಯಲ್ಲಿ ಕಡತ ನೋಡುವ ಅಧಿಕಾರಿ ಮೊದಲು ತೆರೆಯುವುದು ವಿಶ್ವಕೋಶವನ್ನೇ ಇರಬಹುದು; ಅಲ್ಲಿ ಏನೂ ಇಲ್ಲದಿದ್ದರೆ ಏನೂ ಇಲ್ಲದ ಜಾಗವೆಂದೇ ಅವನು ತಿಳಿದಾನು. ಆದರೆ ಈ ಭಯವನ್ನೇ ಕಾರಣ ಮಾಡಿ ಅರ್ಹತೆಯ ಅಳತೆಯನ್ನು ಸಡಿಲಿಸಿದರೆ ನಮೂದು ಮನವಿಪತ್ರವಾಗುತ್ತದೆ, ಎದುರು ಪಕ್ಷದವನೂ ತನ್ನ ಮನವಿಯನ್ನು ಅಲ್ಲಿಯೇ ಬರೆಯುತ್ತಾನೆ. ನಮೂದಿನಿಂದ ಹಾನಿಯಾಗುವುದೂ ಉಂಟು. ಗೂಡಿನ ನೆಲೆಯನ್ನು ಕರಾರುವಾಕ್ಕಾಗಿ ಗುರುತಿಸಿಕೊಟ್ಟ ಪುಟ ಛಾಯಾಗ್ರಾಹಕರ ಗುಂಪನ್ನು ಅಲ್ಲಿಗೇ ಕರೆತರುತ್ತದೆ. ಸತ್ಯವಾದುದೆಲ್ಲವನ್ನೂ ಅಳತೆಗೋಲು ಹಿಡಿದು ಹೇಳಲೇಬೇಕೆಂಬ ನಿಯಮ ಕೋಶಕ್ಕಿಲ್ಲ.

ಮಾಗಡಿಯ ವಿಷಯದಲ್ಲಿ ಈವರೆಗಿನ ಬರವಣಿಗೆಯ ನಿಜವಾದ ಕೊರತೆ ಬೇರೊಂದು. ಹೆಬ್ಬಾತು ಹುಲ್ಲು, ಕಾಳು, ಎಳೆಯ ಪೈರು ತಿನ್ನುವ ಪಕ್ಷಿ. ಅದು ರಾತ್ರಿ ಇಳಿಯುವ ಹಿಂಗಾರಿ ಹೊಲಗಳು ರೈತರವು. ಸಾವಿರಾರು ಪಕ್ಷಿಗಳು ಮೇಯ್ದ ಹೊಲದ ಒಡೆಯ ಏನನ್ನು ಕಳೆದುಕೊಳ್ಳುತ್ತಾನೆ, ಕಳೆದುಕೊಂಡೂ ಏಕೆ ಸುಮ್ಮನಿದ್ದಾನೆ, ನೀರಾವರಿಗಾಗಿ ಕಟ್ಟಿದ ಕೆರೆಯ ನೀರನ್ನು ಯಾವ ತಿಂಗಳವರೆಗೆ ತೂಬಿನಿಂದ ಬಿಡಲಾಗುತ್ತದೆ, ಹೂಳೆತ್ತಿದವರು ಯಾರು? ಘೋಷಣೆಯ ಪರಿಚಯದಲ್ಲಿ ಇವುಗಳಿಗೆ ಉತ್ತರವಿಲ್ಲ. ಕೊಕ್ಕರೆ ಬೆಳ್ಳೂರಿನ ಜನ ತಮ್ಮ ಹಕ್ಕಿಗಳೊಡನೆ ವಿಶ್ವಕೋಶವನ್ನು ಸೇರಿದರು. ಮಾಗಡಿಯಲ್ಲಿ ಹಕ್ಕಿಗಳು ಮಾತ್ರ ಒಳಗೆ ಬಂದಿವೆ, ಊರು ಹೊರಗೇ ನಿಂತಿದೆ. ಯಾರಾದರೂ ಒಂದು ಚಳಿಗಾಲವನ್ನು ಆ ಕಟ್ಟೆಯ ಮೇಲೆ ಕಳೆದು, ರೈತರನ್ನು ಮಾತನಾಡಿಸಿ, ಜಿಲ್ಲೆಯ ಯಾವುದಾದರೊಂದು ಪತ್ರಿಕೆಯಲ್ಲಿ ವಿವರವಾಗಿ ಬರೆದರೆ ಮಾಗಡಿಯ ನಮೂದಿಗೆ ಒಂದು ಹೊಸ ವಿಭಾಗ ಸಿಗುತ್ತದೆ. ಅವರು ಅಲ್ಲಿಂದ ಶೆಟ್ಟಿಕೇರಿಗೂ ಹೋಗಿಬಂದರೆ ಅದರ ಪ್ರತ್ಯೇಕ ನಮೂದಿನ ವಿಚಾರವನ್ನು ಮತ್ತೆ ಕೈಗೆತ್ತಿಕೊಳ್ಳಲು ಆಧಾರವೂ ಸಿಕ್ಕೀತು.